ಅಕ್ಕನ ಉಸಿರಿಗೊಂದು ರೆಕಾರ್ಡರ್

ಭಾವ ತೀರಿಕೊಂಡ ಮೇಲೆ ಅಕ್ಕ ತುರುವೇಕೆರೆ ಕಡೆಯ ತನ್ನ ಊರು ಬಿಟ್ಟು ಬಿಳಿಗೆರೆಗೆ, ನನ್ನ ಮನೆಗೆ ಬಂದಳು. ಅವಳಿಗೆ ಮಕ್ಕಳಿಲ್ಲ. ನಾನು ಮದುವೆಯೇ ಆದವಳಲ್ಲ. ಇಬ್ಬರದೂ ಒಂದೇ ಅಡುಗೆಯಾದರೆ ಗ್ಯಾಸಾದರೂ ಉಳಿಯುತ್ತದೆ ಎಂದು ಅವಳೇ ಹೇಳಿದಳು. ನಾನು ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಬೆಳಿಗ್ಗೆ ಬೀಗ ತೆಗೆದು ಪೇಪರ್ ಜೋಡಿಸುವುದು, ಸಂಜೆ ಕಿಟಕಿ ಮುಚ್ಚಿ ಬೀಗ ಹಾಕುವುದು. ಕೇಳಿದವರಿಗೆ ಹಗುರದ ಕೆಲಸ. ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ಟರೆ ಸಾಕು, ಯಾರೂ ಮಾತಾಡಿಸದಿದ್ದರೆ ಚೆನ್ನ ಅನಿಸುತ್ತದೆ.

ಅಕ್ಕ ಆಯಸ್ಸಿನ ಅರ್ಧವನ್ನು ನಾರಿನ ಶೆಡ್ಡಿನಲ್ಲಿ ಕಳೆದವಳು. ಮೊದಲು ತೆಂಗಿನ ಮಟ್ಟೆ ಬಡಿಯುವ ಮಷಿನ್ನಿನ ಪಕ್ಕ ನಿಂತು ನಾರು ಕೊಡವುವುದು, ವಯಸ್ಸಾದ ಮೇಲೆ ರಾಟೆಗೆ ಕೂತು ಹಗ್ಗ ಹೊಸೆಯುವುದು. ಆ ಶೆಡ್ಡಿನಲ್ಲಿ ಕಂದು ಪುಡಿ ಸದಾ ಗಾಳಿಯಲ್ಲಿ ತೇಲುತ್ತಿರುತ್ತದೆ. ಸೆರಗನ್ನು ಮೂಗಿಗೆ ಸುತ್ತಿಕೊಂಡರೆ ಆಯಿತು ಎಂದುಕೊಂಡಿದ್ದಳು. ನನ್ನ ಮನೆಗೆ ಬಂದ ಮೊದಲ ವಾರವೇ ಗಮನಿಸಿದೆ. ಹಿತ್ತಿಲಿನ ಬಚ್ಚಲಿಗೆ ಹೋಗುವಾಗ ನಡುವೆ ತೆಂಗಿನ ಮರದ ಬುಡದಲ್ಲಿ ನಿಂತು, ಗೊನೆ ನೋಡುವವಳ ಹಾಗೆ ತಲೆ ಎತ್ತುತ್ತಿದ್ದಳು. ಗೊನೆಯಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಅವಳಿಗೆ ಉಸಿರು ಸಾಲುತ್ತಿರಲಿಲ್ಲ.

ತಿಪಟೂರಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಹೋಗಿರುವುದು ವಾಪಸ್ ಬರುವುದಿಲ್ಲ, ಉಳಿದಿರುವುದನ್ನು ಕಾಪಾಡಿಕೊಳ್ಳಬೇಕು ಎಂದರು. ಬಾಯಿಗೆ ಎಳೆದುಕೊಳ್ಳುವ ಔಷಧಿ ಬರೆದುಕೊಟ್ಟರು. ಉಸಿರಾಟದ ವ್ಯಾಯಾಮ ಹೇಳಿಕೊಡಲು ಅಲ್ಲೊಬ್ಬಳು ಹುಡುಗಿ ಇದ್ದಳು. ಅವಳು ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿ ಕೊಟ್ಟಳು. ಕೊಳವೆಯಿಂದ ಗಾಳಿ ಎಳೆದರೆ ಚೆಂಡುಗಳು ಮೇಲೇಳಬೇಕು. ಅಕ್ಕ ಎಳೆದರೆ ಮೊದಲನೆಯದು ಏಳುತ್ತಿತ್ತು, ಎರಡನೆಯದು ಅಲುಗಾಡುತ್ತಿತ್ತು, ಮೂರನೆಯದು ಕೂತಲ್ಲೇ ಕೂತಿರುತ್ತಿತ್ತು.

"ಇದು ಯಾರ್ ಮನೇದು ಕಣೇ? ಎದ್ದು ಮಾತಾಡ್ಸೋದೇ ಇಲ್ವಲ್ಲ," ಎಂದು ಅಕ್ಕ ಡಬ್ಬಿಯನ್ನು ಗೂಡಿನಲ್ಲಿಟ್ಟಳು. ಆಮೇಲೆ ಅದನ್ನು ಮುಟ್ಟಲಿಲ್ಲ. ಏಳದ ಚೆಂಡನ್ನು ದಿನವೂ ನೋಡುವುದು ಅವಳಿಗೆ ಬೇಡವಾಗಿತ್ತು.

ಮುಂದಿನ ಸಲ ಹೋದಾಗ ಆ ಹುಡುಗಿ ಬೈಯಲಿಲ್ಲ. "ಅಮ್ಮ, ಉಸಿರನ್ನ ನಿಧಾನವಾಗಿ ಹೊರಗೆ ಬಿಡೋದು ರೂಢಿ ಆಗ್ಬೇಕು. ಅದಕ್ಕೆ ಏನಾದ್ರೂ ಊದಿ. ಕೊಳಲಾದ್ರೂ ಸರಿ," ಎಂದಳು. ಅಕ್ಕನ ಮುಖ ಸ್ವಲ್ಪ ಅರಳಿತು. ಬರುವಾಗ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಒಂದು ಬಿದಿರಿನ ಕೊಳಲು ತೆಗೆದುಕೊಂಡೆವು. ಮನೆಯಲ್ಲಿ ನಾನು ಊದಿದೆ, ಬರೀ ಗಾಳಿ. ಅಕ್ಕ ಊದಿದಳು, ಬರೀ ಗಾಳಿ. ತುಟಿಯನ್ನು ಹೀಗೆ ಇಟ್ಟು, ಹಾಗೆ ಇಟ್ಟು, ತಲೆ ಸುತ್ತಿ ಗೋಡೆಗೆ ಒರಗಿದಳು. "ಒಲೆ ಊದಿದ್ರೆ ಬೆಂಕಿನಾದ್ರೂ ಹತ್ಕೊಂತಿತ್ತು," ಎಂದಳು.

ಮತ್ತೆ ಹೋದಾಗ ಹುಡುಗಿಗೆ ಇದನ್ನು ಹೇಳಿದೆ. ಕೊಳಲಿಗೆ ತುಟಿ ಪಳಗುವುದಕ್ಕೇ ತಿಂಗಳುಗಟ್ಟಲೆ ಬೇಕು, ನೀವು ರೆಕಾರ್ಡರ್ ತೆಗೆದುಕೊಳ್ಳಿ ಎಂದು ಫೋನಿನಲ್ಲಿ ಚಿತ್ರ ತೋರಿಸಿದಳು. ನೇರವಾಗಿ ಹಿಡಿದು ಊದುವ ಪೀಪಿ. ಬಾಯಿಯ ತುದಿ ಸೀಟಿಯ ಹಾಗಿದೆ. ಮುಂದೆ ಏಳು ತೂತು, ಹಿಂದೆ ಹೆಬ್ಬೆರಳಿಗೆ ಒಂದು. ಊದಿದ ತಕ್ಷಣ ದನಿ ಬರುತ್ತದೆ, ಜೋರಾಗಿ ಊದಿದರೆ ಕಿರುಚುತ್ತದೆ, ಮೆಲ್ಲಗೆ ಊದಿದರಷ್ಟೇ ಸರಿಯಾಗಿ ನುಡಿಯುತ್ತದೆ. "ನಿಮ್ಮಂಥವರಿಗೆ ಹೇಳಿ ಮಾಡ್ಸಿದ್ದು," ಎಂದಳು.

ತಿಪಟೂರಿನಲ್ಲಿ ಅದನ್ನು ಹುಡುಕಲು ಹೋದವಳು ನಾನೊಬ್ಬಳೇ. ಮೊದಲ ಅಂಗಡಿಯವರು, "ಟೇಪ್ ರೆಕಾರ್ಡರಾ? ಅದನ್ನೀಗ ಯಾರ್ ಇಟ್ಟಿದಾರೆ ಮೇಡಂ?" ಎಂದರು. ಎರಡನೆಯವರು ಗೋಡೆಗೆ ಹಾಕುವ ಕ್ಯಾಮೆರಾದ ರೆಕಾರ್ಡಿಂಗ್ ಪೆಟ್ಟಿಗೆ ತೋರಿಸಿದರು. ಫ್ಯಾನ್ಸಿ ಸ್ಟೋರಿನಲ್ಲಿ ಗುಲಾಬಿ ಬಣ್ಣದ್ದೊಂದು ಸಿಕ್ಕಿತು. ಚಿತ್ರದಲ್ಲಿದ್ದ ಹಾಗೇ ಇತ್ತು, ಅಗ್ಗವಾಗಿಯೂ ಇತ್ತು. ಮನೆಗೆ ತಂದು ನೋಡಿದರೆ ಯಾವ ತೂತು ಮುಚ್ಚಿದರೂ ಒಂದೇ ದನಿ. ಅಕ್ಕ ಅದನ್ನು ತಿರುಗಿಸಿ ನೋಡಿ, "ಇದು ಬಸ್ ಕಂಡಕ್ಟರ್ ಸೀಟಿ ಕಣೇ, ಉದ್ದುಕ್ ಮಾಡವ್ರೆ," ಎಂದಳು. ದುಡ್ಡು ಹೋದದ್ದಕ್ಕಿಂತ, ಇನ್ನೊಮ್ಮೆ ಹುಡುಕಬೇಕಲ್ಲ ಎಂಬುದೇ ನನ್ನನ್ನು ಸುಸ್ತು ಮಾಡಿತು.

ನನ್ನ ರಜೆಯ ದಿನ ಇಬ್ಬರೂ ರೈಲು ಹತ್ತಿ ತುಮಕೂರಿಗೆ ಹೋದೆವು. ಬೇಡ, ನಾನೇ ತರುತ್ತೇನೆ ಎಂದರೂ ಅಕ್ಕ ಕೇಳಲಿಲ್ಲ. "ಊದೋಳು ನಾನು. ಸೀರೆ ತಂದಂಗೆ ತರಕಾಯ್ತದಾ?" ವಾದ್ಯದ ಅಂಗಡಿ ಮೊದಲ ಮಹಡಿಯಲ್ಲಿತ್ತು. ಮೆಟ್ಟಿಲ ನಡುವೆ ಅವಳು ಕಂಬಿ ಹಿಡಿದು ನಿಂತಳು. ನಾನೂ ನಿಂತೆ. ಕೆಳಗಿನಿಂದ ಬಂದವರು ಪಕ್ಕಕ್ಕೆ ಸರಿದು ಹತ್ತಿ ಹೋದರು. ಒಂದು ಪೀಪಿಗೆ ಇಷ್ಟೆಲ್ಲ ಬೇಕಿತ್ತಾ ಎಂದು ಆಗ ನನಗನಿಸಿದ್ದು ನಿಜ.

ಅಂಗಡಿಯವರು ನಡುವಯಸ್ಸಿನವರು. ಸ್ಟೂಲು ಎಳೆದು ಅಕ್ಕನನ್ನು ಕೂರಿಸಿ, "ಯಾರಿಗೆ ಮೇಡಂ? ಮಗು ಎಷ್ಟನೇ ಕ್ಲಾಸು?" ಎಂದು ನನ್ನನ್ನು ಕೇಳಿದರು.

"ನಂಗೇ ಕಣಪ್ಪ," ಎಂದಳು ಅಕ್ಕ, ಏದುಸಿರಿನಲ್ಲೇ.

ಅವರು ನಗಲಿಲ್ಲ. ಕಲಿಯುವ ಆಸೆಯಿದ್ದರೆ ಗಿಟಾರ್ ಆದರೂ ನೋಡಬಹುದು, ಇದು ನೈಲಾನ್ ತಂತಿಯದು, ಬೆರಳಿಗೆ ನೋವಾಗುವುದಿಲ್ಲ ಎಂದು ಗೋಡೆಗೆ ತೂಗುಹಾಕಿದ್ದೊಂದನ್ನು ಇಳಿಸಿದರು. ಅಕ್ಕ ಹೆಬ್ಬೆರಳಿನಿಂದ ಒಮ್ಮೆ ಮೀಟಿ, ದನಿ ಪೂರ್ತಿ ಅಡಗುವವರೆಗೂ ಕೇಳಿಸಿಕೊಂಡು, "ಚೆಂದಾಗೈತೆ. ಆದ್ರೆ ಇದನ್ನ ಊದಕಾಗಲ್ವಲ್ಲಪ್ಪ," ಎಂದು ವಾಪಸ್ ಕೊಟ್ಟಳು. ಆಗ ನಾನು ಆಸ್ಪತ್ರೆಯ ವಿಷಯವನ್ನೆಲ್ಲ ಹೇಳಿದೆ.

ಅವರು ಗಾಜಿನ ಮೇಲೆ ಮೂರು ರೆಕಾರ್ಡರ್ ಇಟ್ಟರು. ಒಂದು, ಹೆಸರೇ ಇಲ್ಲದ ಬಿಳಿ ಪ್ಲಾಸ್ಟಿಕ್, ಬಾಯಿಂದ ಬುಡದವರೆಗೆ ಒಂದೇ ತುಂಡು. ಎರಡನೆಯದೂ ಪ್ಲಾಸ್ಟಿಕ್ಕೇ, ಆದರೆ ಬಿಚ್ಚಿದರೆ ಮೂರು ತುಂಡಾಗುತ್ತದೆ, ಬೆಲೆ ಮೊದಲನೆಯದರ ಎರಡರಷ್ಟು. ಮೂರನೆಯದು ಮರದ್ದು. ಮರದ್ದರ ಬೆಲೆ ಕೇಳಿ ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಅವರೇ, "ಇವರಿಗೆ ಮರದ್ದು ಬೇಡ ಮೇಡಂ. ಎಣ್ಣೆ ಹಾಕ್ಬೇಕು, ಒಣಗಿಸ್ಬೇಕು. ಪ್ಲಾಸ್ಟಿಕ್ ಆದ್ರೆ ಸೋಪಲ್ಲಿ ತೊಳೀಬಹುದು. ಎದೆ ಸರಿಯಿಲ್ಲದೋರಿಗೆ ಅದು ಮುಖ್ಯ," ಎಂದರು.

ಒಂದೇ ತುಂಡಿನದನ್ನು ಅಕ್ಕ ಹಿಡಿದು ನೋಡಿದಳು. ಬುಡದ ತೂತಿಗೆ ಅವಳ ಬಲಗೈಯ ಕಿರುಬೆರಳು ಮುಟ್ಟಲಿಲ್ಲ. ಹಗ್ಗ ಹೊಸೆದೂ ಹೊಸೆದೂ ಆ ಬೆರಳು ಒಳಕ್ಕೆ ಬಾಗಿ ನಿಂತಿದೆ. ಅಂಗಡಿಯವರು ಎರಡನೆಯದನ್ನು ಎತ್ತಿಕೊಂಡು, ಅದರ ಬುಡದ ತುಂಡನ್ನು ಒಂಚೂರು ತಿರುಗಿಸಿ ಕೊಟ್ಟರು. ತೂತು ಬೆರಳ ಕೆಳಗೇ ಬಂತು. "ಮೂರು ತುಂಡಿರೋದು ಇದಕ್ಕೇ," ಎಂದರು. ಅಕ್ಕ ಊದಿದಳು. ಸಣ್ಣದೊಂದು ದನಿ, ಸ್ವಲ್ಪ ನಡುಗುತ್ತ, ಆದರೆ ಸ್ಪಷ್ಟವಾಗಿ ಬಂತು. ಅವಳು ಪೀಪಿಯನ್ನು ಬಾಯಿಂದ ತೆಗೆದು ನನ್ನ ಮುಖ ನೋಡಿದಳು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಅವರು ಅಟ್ಟದಿಂದ ಉದ್ದನೆಯದೊಂದನ್ನು ತೆಗೆದು ಒರೆಸಿದರು. ಇದನ್ನು ಆಲ್ಟೋ ಅನ್ನುತ್ತಾರೆ, ದನಿ ತಗ್ಗು, ಕಿವಿಗೆ ಹಿತ ಎಂದರು.

"ಅದು ಕಾರಿನ ಹೆಸ್ರಲ್ವೇನಪ್ಪ?" ಎನ್ನುತ್ತಲೇ ಅಕ್ಕ ಅದನ್ನು ಊದಿದಳು. ದನಿ ಕೇಳಿ ನಾನೂ ಹತ್ತಿರ ಸರಿದೆ. "ಇದು ಮನುಸ್ರ ದನಿ ಇದ್ದಂಗೈತೆ ಕಣೇ," ಎಂದಳು ಅವಳು. ಬೆಲೆ ನನ್ನ ತಿಂಗಳ ಕಿರಾಣಿಯಷ್ಟಿತ್ತು. ನಾನು ಬ್ಯಾಗಿನೊಳಗೆ ಕೈಹಾಕಿ ಇದ್ದ ನೋಟುಗಳನ್ನು ಬೆರಳಲ್ಲೇ ಎಣಿಸಿದೆ. ಅಕ್ಕ ಬೆರಳು ಚಾಚಿದಳು, ಮತ್ತೆ ಚಾಚಿದಳು. ತೂತುಗಳು ದೂರ ದೂರ. ಒಂದು ಮುಚ್ಚಿದರೆ ಇನ್ನೊಂದು ತೆರೆದುಕೊಂಡು ಕೀರಲು ದನಿ ಬರುತ್ತಿತ್ತು. ಕೊನೆಗೆ ಅದನ್ನು ಗಾಜಿನ ಮೇಲೆ ಮಲಗಿಸಿ, "ಬೆರಳೇ ಬರಾಕಿಲ್ಲ. ಸಣ್ಣದೇ ಸಾಕು ಬುಡು," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನಿಂಗೀಗ ಉಸ್ರು ಬಂತು ನೋಡು," ಎಂದು ನಕ್ಕಳು. ನಕ್ಕು ಕೆಮ್ಮಿದಳು. ಅಂಗಡಿಯವರು ನೀರು ತಂದುಕೊಟ್ಟರು.

ಮೂರು ತುಂಡಿನ ಸಣ್ಣದನ್ನೇ ಕೊಂಡು ಬಂದೆವು. ಅದರ ಪೆಟ್ಟಿಗೆಯೊಳಗೆ ಒಂದು ಹಾಳೆ ಇತ್ತು. ಯಾವ ಸ್ವರಕ್ಕೆ ಯಾವ ತೂತು ಮುಚ್ಚಬೇಕೆಂದು ಅದರಲ್ಲಿ ಕಪ್ಪು ಚುಕ್ಕೆ ಹಾಕಿ ತೋರಿಸಿದ್ದರು. ಅದನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆ. ಅಕ್ಕ ಬೆಳಿಗ್ಗೆ ಜಗಲಿಯಲ್ಲಿ ಕೂತು ಊದುವಳು, ನಾನು ಕೆಲಸದಿಂದ ಬಂದ ಮೇಲೆ ಸಂಜೆ ಮತ್ತೆ ಊದುವಳು. ಮೊದಮೊದಲು ಎಡಗೈಯ ಮೂರು ಬೆರಳಿನ ಸ್ವರಗಳು. ಅವೇ ಮೂರು, ಮೇಲೆ ಕೆಳಗೆ, ಮೇಲೆ ಕೆಳಗೆ. ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ, "ಏನಕ್ಕೋ, ನಮ್ಮ ಹಸ ಹಾಲು ಬಿಡ್ದಂಗಾಯ್ತಲ್ಲ!" ಎಂದು ತಮಾಷೆ ಮಾಡುವಳು. ಅಕ್ಕ, "ಹಿಂಡೋಳಿಗೆ ಬರ್ದಿದ್ರೆ ನನ್ನ ಪೀಪಿ ಏನ್ ಮಾಡ್ತದವ್ವ," ಎನ್ನುವಳು. ಅವಳಿಗೆ ಅದರಲ್ಲೂ ಖುಷಿ.

ಖುಷಿ ಇಲ್ಲದಿದ್ದುದು ನನಗೆ. ಒಂದು ಸಂಜೆ ಗ್ರಂಥಾಲಯದ ಸೂರು ಸೋರಿ, ಒದ್ದೆಯಾದ ಪುಸ್ತಕಗಳನ್ನೆಲ್ಲ ಹೊತ್ತು ಒಳಗಿಟ್ಟು ಬಂದಿದ್ದೆ. ಸೊಂಟ ಹಿಡಿದುಕೊಂಡಿತ್ತು. ಅಕ್ಕ ಅದೇ ಮೂರು ಸ್ವರ ಊದುತ್ತಿದ್ದಳು. "ಸಾಕು ಮಾಡಕ್ಕ, ತಲೆ ಸಿಡೀತಿದೆ," ಎಂದೆ. ನನ್ನ ದನಿ ಸ್ವಲ್ಪ ಗಡುಸಾಗಿಯೇ ಬಂತು. ಅವಳು ನಿಲ್ಲಿಸಿದಳು. ಪೀಪಿಯನ್ನು ತೊಳೆದು ಇಟ್ಟು, "ಮುದ್ದೆಗೆ ಎಸ್ರಿಟ್ಟಿದೀನಿ," ಎಂದಳು. ಮರುದಿನದಿಂದ ನಾನು ಮನೆಗೆ ಬರುವಷ್ಟರಲ್ಲಿ ಅವಳ ಅಭ್ಯಾಸ ಮುಗಿದಿರುತ್ತಿತ್ತು. ಮನೆ ನಾನು ಬಯಸಿದಷ್ಟೇ ಶಾಂತವಾಗಿತ್ತು.

ಆ ಮಾಗಿಯಲ್ಲಿ ಅವಳಿಗೆ ನೆಗಡಿ ಎದೆಗಿಳಿಯಿತು. ತಿಪಟೂರಿನ ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ಹಾಕಿ ಮಲಗಿಸಿದರು. ನಾನು ಗ್ರಂಥಾಲಯಕ್ಕೂ ಆಸ್ಪತ್ರೆಗೂ ಬಸ್ಸಿನಲ್ಲಿ ಓಡಾಡಿದೆ. ಮನೆಗೆ ಕರೆದುಕೊಂಡು ಬಂದಾಗ ಅವಳು ಇನ್ನಷ್ಟು ಸಣ್ಣಗಾಗಿದ್ದಳು. ಪೀಪಿ ಬಾಯಿಗಿಟ್ಟರೆ ಒಂದು ಸ್ವರ ಹುಟ್ಟುವಷ್ಟರಲ್ಲೇ ಗಾಳಿ ಮುಗಿಯುತ್ತಿತ್ತು. ಇಷ್ಟು ತಿಂಗಳು ಊದಿದ್ದೆಲ್ಲ ಏನಾಯಿತು ಎಂದು ನಾನು ಡಾಕ್ಟರನ್ನು ಕೇಳಿದ್ದೆ. ಊದಿರದಿದ್ದರೆ ಇನ್ನೂ ಕಷ್ಟವಾಗುತ್ತಿತ್ತು ಎಂದಿದ್ದರು. ಇರಬಹುದು.

ಒಂದು ದಿನ ನಾನು ಕಾಫಿ ಕುಡಿಯುತ್ತ ಅವಳ ಮಂಚಕ್ಕೆ ಒರಗಿ ನೆಲದ ಮೇಲೆ ಕೂತಿದ್ದೆ. "ಊದ್ದೆ ಇದ್ರೆ ಬೆರಳು ಮರೆತ್ಹೋಯ್ತಾವೆ ಕಣೇ," ಎಂದಳು. ದಿಂಬಿನ ಪಕ್ಕದಿಂದ ಪೀಪಿ ಎತ್ತಿಕೊಂಡು, "ನೀನು ಊದು, ನಾನು ತೂತು ಮುಚ್ತೀನಿ," ಎಂದಳು.

"ಅದೆಲ್ಲಿ ಆಗುತ್ತಕ್ಕ?"

"ಕೂತ್ಕೋ ಸುಮ್ನೆ."

ಪೀಪಿಯನ್ನು ನನ್ನ ಬಾಯಿಗೆ ಕೊಟ್ಟು, ಮಂಚದ ತುದಿಗೆ ಸರಿದು ಕೂತು, ನನ್ನ ಎರಡೂ ಹೆಗಲ ಮೇಲಿಂದ ಕೈ ಇಳಿಬಿಟ್ಟು ತೂತುಗಳ ಮೇಲೆ ಬೆರಳಿಟ್ಟಳು. ಅವಳ ಗದ್ದ ನನ್ನ ತಲೆಗೆ ತಾಗುತ್ತಿತ್ತು. ನಾನು ಊದಿದೆ. ಮೊದಲು ಜೋರಾಗಿ ಊದಿದ್ದಕ್ಕೆ ಅದು ಕಿರುಚಿತು. "ಮೆಲ್ಲುಗೆ ಕಣೇ, ಹಾಲು ಆರಿಸ್ದಂಗೆ," ಎಂದಳು. ಮೆಲ್ಲಗೆ ಊದಿದೆ. ಅವಳ ಬೆರಳುಗಳು ಎದ್ದವು, ಬಿದ್ದವು. ಮೂರು ಸ್ವರಗಳಲ್ಲ, ಒಂದು ರಾಗವೇ ಬಂತು. ಶೆಡ್ಡಿನಲ್ಲಿ ರಾಟೆ ತಿರುಗಿಸುತ್ತ ಹೆಂಗಸರೆಲ್ಲ ಗುನುಗುತ್ತಿದ್ದ ರಾಗವಂತೆ. ನಾನಿಲ್ಲದ ಹೊತ್ತಿನಲ್ಲಿ ಅದನ್ನು ತಾನಾಗಿಯೇ ಹುಡುಕಿಕೊಂಡಿದ್ದಳು. ನನಗೆ ಗೊತ್ತೇ ಇರಲಿಲ್ಲ.

ಕೆಲವು ದಿನ ಹಾಗೇ ನಡೆಯಿತು. ವ್ಯಾಯಾಮದ ಹುಡುಗಿಗೆ ಇದನ್ನು ಹೇಳಿದಾಗ ಅವಳು ಗದರಿದಳು. "ಅಮ್ಮ, ಇದು ಅವರ ಎದೆಗೆ ವ್ಯಾಯಾಮ ಆಯ್ತು. ನಿಮ್ಮದಕ್ಕೆ?" ಅಕ್ಕ ಅಪರೂಪಕ್ಕೆ ತಲೆ ತಗ್ಗಿಸಿದಳು. ಈಗ ಬೆಳಿಗ್ಗೆ ಒಂದೊಂದೇ ಸ್ವರವನ್ನು, ಆದಷ್ಟು ಹೊತ್ತು, ತಾನೇ ಊದುತ್ತಾಳೆ. ಮನೆಗೊಂದು ಆಕ್ಸಿಜನ್ ಮಷಿನ್ ಬಾಡಿಗೆಗೆ ಬಂದಿದೆ. ಮಧ್ಯಾಹ್ನವೆಲ್ಲ ಅದು ಗುರ್ರೆನ್ನುತ್ತಿರುತ್ತದೆ. ಕರೆಂಟು ಹೋದರೆ ಪಕ್ಕದ ಮನೆಯಾಕೆ ಬಂದು ಅವಳ ಬಳಿ ಕೂರುತ್ತಾಳೆ.

ಸಂಜೆಯ ಊದುವಿಕೆ ನನ್ನ ಪಾಲಿನದು. ಇಷ್ಟವಾಗಿ ಮಾಡುತ್ತೇನೆ ಎಂದರೆ ಸುಳ್ಳಾಗುತ್ತದೆ. ನೆಲದ ಮೇಲೆ ಕೂತು ಕಾಲು ಜೋಮು ಹಿಡಿಯುತ್ತದೆ, ಅವಳ ತೋಳಿನ ಭಾರಕ್ಕೆ ಹೆಗಲು ನೋಯುತ್ತದೆ, ಎಷ್ಟೋ ಸಲ ಊದುತ್ತಲೇ ತೂಕಡಿಸಿದ್ದೇನೆ. ಆಗ ಅವಳು ಗದ್ದದಿಂದ ನೆತ್ತಿಗೆ ಕುಟ್ಟಿ ಎಬ್ಬಿಸುತ್ತಾಳೆ. ರಾಗದ ಮೊದಲ ಭಾಗ ಈಗ ಸರಾಗ. ಮುಂದಿನದಕ್ಕೆ ಹೆಬ್ಬೆರಳ ತೂತನ್ನು ಅರ್ಧ ಮಾತ್ರ ಮುಚ್ಚಬೇಕು, ಮೇಲಿನ ಸ್ವರ ಬರುವುದು ಹಾಗೆ. ಹಿಂದಿನಿಂದ ಕೈ ಹಾಕಿ ಅದನ್ನು ಮಾಡುವುದು ಅವಳಿಗೆ ಇನ್ನೂ ಆಗಿಲ್ಲ. ಅಲ್ಲಿಗೆ ಬಂದಾಗಲೆಲ್ಲ ದನಿ ಒಡೆಯುತ್ತದೆ. "ಇನ್ನೊಂದ್ ಸಲ ಕಣೇ," ಎನ್ನುತ್ತಾಳೆ. ನಾನು ಬಾಯಿ ಒರೆಸಿಕೊಂಡು ಮತ್ತೆ ಮೊದಲಿನಿಂದ ಊದುತ್ತೇನೆ.