ಬಚ್ಚಲುಮನೆಯ ಮೊದಲ ಪಟ

ಹದಿಮೂರನೇ ವಯಸ್ಸಿಗೇ ಹುಡುಗಿಗೆ ಫೋಟೋ ಹುಚ್ಚು ಹಿಡಿಯಿತು. ವಿಜ್ಞಾನದ ಮೇಷ್ಟ್ರು ತಮ್ಮ ಹಳೇ ಕ್ಯಾಮೆರಾ ಕೊಟ್ಟು, ಪಟ ತೊಳೆಯುವುದನ್ನೂ ಕಲಿಸಿಬಿಟ್ಟಿದ್ದರು. ಅದಕ್ಕೆ ಕತ್ತಲೆ ಬೇಕು; ಕೆಂಪು ಬೆಳಕು ಬಿಟ್ಟು ಬೇರೆ ಬೆಳಕು ತಾಗಿದರೆ ಹಾಳೆ ಕಪ್ಪಾಗುತ್ತದೆ. ಮನೆಯಲ್ಲಿ ಕಿಟಕಿಯಿಲ್ಲದ ಜಾಗ ಬಚ್ಚಲುಮನೆ ಒಂದೇ.

ಮೊದಲ ಭಾನುವಾರ ಕೆಂಪು ಬಲ್ಬು ಹಾಕಿಕೊಂಡು, ಅಡುಗೆಮನೆಯಿಂದ ಎಗರಿಸಿದ ತಟ್ಟೆಗೆ ಔಷಧಿಯ ನೀರು ಸುರಿದು, ಪಟದ ಕಾಗದ ಅದ್ದಿ ಕೂತಳು. ಬಿಳಿ ಹಾಳೆಯ ಮೇಲೆ ಮೊದಲು ಅಪ್ಪನ ಕನ್ನಡಕ ಮೂಡಿತು, ಆಮೇಲೆ ಮೀಸೆ. ಅಬ್ಬಾ, ಎಂಥ ಖುಷಿ! ಅಷ್ಟರಲ್ಲಿ ಬಾಗಿಲ ಸಂದಿಯಲ್ಲಿ ಕೆಂಪು ಬೆಳಕು ಕಂಡ ಸೋದರತ್ತೆ, "ಅಯ್ಯಯ್ಯೋ, ಬಚ್ಚಲಿಗೆ ಬೆಂಕಿ!" ಎಂದು ಕೂಗುತ್ತ ಬಕೆಟ್ ನೀರಿನ ಸಮೇತ ನುಗ್ಗಿದಳು. ಚಿಲಕ ಮೊದಲೇ ಸಡಿಲ. ನೀರು ಹುಡುಗಿಯ ತಲೆ ಮೇಲೆ, ಹಗಲು ಹಾಳೆಯ ಮೇಲೆ. ನೋಡನೋಡುತ್ತಲೇ ಹಾಳೆ ಕಪ್ಪಾಯಿತು.

"ಅಪ್ಪ ಹೋದ, ಅತ್ತೆ!" ಎಂದು ಹುಡುಗಿ ಗೊಳೋ ಅಂದಳು.

"ಬಿಡ್ತು ಅನ್ನೇ! ಹೊರಗೆ ಕೂತು ಗಡಿಯಾರ ರಿಪೇರಿ ಮಾಡ್ತಿದಾನೆ!"

ಸಿಟ್ಟಿಗೆ ಆ ಕಪ್ಪು ಹಾಳೆಯ ಹಿಂದೆ 'ಅತ್ತೆ ಮಾಡಿದ್ದು' ಎಂದು ಬರೆದು ಪುಸ್ತಕದಲ್ಲಿಟ್ಟಳು.

ಮುಂದಿನ ಭಾನುವಾರದಿಂದ ಅತ್ತೆಯೇ ಕಾವಲು. ಬಾಗಿಲ ಹೊರಗೆ ಮಣೆ ಹಾಕಿಕೊಂಡು ತರಕಾರಿ ಹೆಚ್ಚುತ್ತ ಕೂರುವಳು. ಟವೆಲ್ ಹೆಗಲಿಗೇರಿಸಿ ಬಂದ ಹುಡುಗಿಯ ಅಣ್ಣನಿಗೆ, "ಒಂದಿನ ಸ್ನಾನ ಮಾಡ್ದಿದ್ರೆ ಪ್ರಾಣ ಹೋಗಲ್ಲ ಕಣೋ. ಒಳಗೆ ಪಟ ಬರ್ತಿದೆ" ಎಂದು ಗದರುವಳು. ಹುಡುಗಿಗೋ, "ಮದುವೆ ಆಗದೆ ಹುಚ್ಚು ಬಿಡಲ್ಲ, ಹುಚ್ಚು ಬಿಡದೆ ಮದುವೆ ಆಗಲ್ಲ" ಎಂಬ ಗಾದೆ. ಮುಂದೆ ಮದುವೆಯೂ ಆಯಿತು, ಹುಚ್ಚು ಮಾತ್ರ ಬಿಡಲಿಲ್ಲ.

ಓಣಿಯವರೆಲ್ಲರ ಪಟ ತೆಗೆದಳು. ಅವಳಿಗೆ ನಿಜವಾಗಿ ಬೇಕಿದ್ದದ್ದು ಅತ್ತೆಯ ಪಟ. ಎಷ್ಟು ಗೋಗರೆದರೂ ಅತ್ತೆ ಮುಖಕ್ಕೆ ತಟ್ಟೆ ಅಡ್ಡ ಹಿಡಿಯುವಳು.

"ಈ ಬೊಚ್ಚು ಬಾಯಿಗೆ ಪಟ ಬೇರೆ ಕೇಡು! ಹಲ್ಲು ಕಟ್ಟಿಸ್ಕೊಂಡ್ಮೇಲೆ ತೆಗೆಯುವೆಯಂತೆ."

ಫಿಲ್ಮ್ ತುಟ್ಟಿ; ತಟ್ಟೆಯ ಪಟ ತೆಗೆದು ದಂಡ ಮಾಡುವುದೇಕೆ ಎಂದು ಹುಡುಗಿಯೂ ಸುಮ್ಮನಾಗುವಳು. ಅತ್ತೆ ಹಲ್ಲು ಕಟ್ಟಿಸಿಕೊಳ್ಳಲೇ ಇಲ್ಲ. ಒಂದು ಬೆಳಿಗ್ಗೆ ಎದ್ದವಳು ಮಧ್ಯಾಹ್ನಕ್ಕೆ ಇರಲಿಲ್ಲ. ಗೋಡೆಗೆ ಹಾಕಲು ಒಂದು ಪಟ ಕೊಡು ಎಂದು ಅಪ್ಪ ಕೇಳಿದಾಗ ಹುಡುಗಿಯ ಬಳಿ ಅತ್ತೆಯದು ಒಂದೂ ಇರಲಿಲ್ಲ. ತಟ್ಟೆ ಹಿಡಿದದ್ದನ್ನಾದರೂ ತೆಗೆಯಬಾರದಿತ್ತೇ ಎಂದು ಇವತ್ತಿಗೂ ತನ್ನನ್ನೇ ಬೈದುಕೊಳ್ಳುತ್ತಾಳೆ.

ಈಗ ಅವಳದೇ ಸ್ಟುಡಿಯೋ. ಗೋಡೆ ತುಂಬ ನಗುವ ಮುಖಗಳು. ನಡುವೆ, ಒಳ್ಳೆಯ ಚೌಕಟ್ಟಿನಲ್ಲಿ, ಬರೀ ಕಪ್ಪು ಹಾಳೆಯೊಂದಿದೆ. ಬಂದವರು ಕೇಳದೆ ಬಿಡುವುದಿಲ್ಲ: "ಇದೇನಮ್ಮ, ಪಟ ಕೆಟ್ಟುಹೋಗಿದೆಯಲ್ಲ?"

"ಕೆಟ್ಟಿಲ್ಲ," ಅನ್ನುತ್ತಾಳೆ ಅವಳು. "ನಮ್ಮತ್ತೆ. ಬಾಗಿಲು ತೆಗೆದು ಒಳಗೆ ಬರ್ತಿರೋದು."