ಚಿಲಕವಿಲ್ಲದ ಬಚ್ಚಲ ಬಾಗಿಲು

ಹಾವಿಗೆ ಹೆದರುವವರನ್ನು ಕಂಡಿದ್ದೇನೆ, ಕತ್ತಲೆಗೆ ಹೆದರುವವರನ್ನು ಕಂಡಿದ್ದೇನೆ. ಆದರೆ ಮನೆಗೇ ಹೆದರುತ್ತಿದ್ದವರೆಂದರೆ ನಾನು ಕಂಡಂತೆ ಓವರ್ಸಿಯರ್ ನಂಜುಂಡಯ್ಯನವರೊಬ್ಬರೇ. ಯಾರ ಮನೆಗೆ ಹೋದರೂ ಅವರು ನೇರವಾಗಿ ಒಳಗೆ ಬರುತ್ತಿರಲಿಲ್ಲ. ಹೊಸ್ತಿಲ ಹೊರಗೆ ನಿಂತು ತಲೆಯೆತ್ತಿ ಜಂತೆಗಳನ್ನು ನೋಡುವರು. ಬೆರಳ ಗೆಣ್ಣಿನಿಂದ ಗೋಡೆಯನ್ನು ತಟ್ಟಿ ಕಿವಿಗೊಡುವರು. ಆಮೇಲೆ, ಗೊತ್ತಿಲ್ಲದ ಕೆರೆಗೆ ಇಳಿಯುವವನು ಆಳ ನೋಡುವ ಹಾಗೆ, ಬಲಗಾಲಿನ ಹೆಬ್ಬೆರಳನ್ನು ನೆಲಕ್ಕೆ ಒತ್ತಿ ನೋಡಿ, ಕೊನೆಗೆ ಒಳಗಡಿಯಿಡುವರು. ಕುಳಿತುಕೊಳ್ಳುವುದು ಬಾಗಿಲಿಗೆ ಎದುರಾಗಿಯೇ. ಕಾಫಿಯ ಲೋಟ ಬಾಯಿಗೆ ಹೋಗುವಾಗಲೂ ಕಣ್ಣು ಬಾಗಿಲನ್ನು ಬಿಡುತ್ತಿರಲಿಲ್ಲ.

"ಓವರ್ಸಿಯರು ಬಂದ್ರು, ಗೋಡೆಗಳೆಲ್ಲ ನೆಟ್ಟಗೆ ನಿಂತ್ಕೊಳ್ಳಿ" ಎಂದು ನನ್ನ ಹೆಂಡತಿ ಶಾರದೆ ಒಳಗಿನಿಂದಲೇ ನಗುತ್ತಿದ್ದಳು. ಅವರಿಗೂ ಅದು ಕೇಳಿಸುತ್ತಿತ್ತು. "ನಗ್ಲಿ ಬುಡಿ ತಾಯಿ. ನಗೋ ಮನೆ ಬೀಳಾಕಿಲ್ಲ" ಎನ್ನುವರು, ಹಾಗೆಂದರೂ ಅವರ ಮುಖದಲ್ಲಿ ನಗೆ ಮೂಡುತ್ತಿರಲಿಲ್ಲ.

ಅವರ ಊರು ಕುಣಿಗಲಿನ ಕಡೆ. ಸರ್ಕಾರಿ ಕಟ್ಟಡಗಳ ಮೇಲುಸ್ತುವಾರಿಯಲ್ಲಿ ಆಯುಷ್ಯ ಸವೆಸಿ, ನಿವೃತ್ತರಾದ ಮೇಲೆ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ, ನಮ್ಮ ಬೀದಿಯ ಕೊನೆಯಲ್ಲಿ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದು ಒಬ್ಬರೇ ಇದ್ದರು. ಇದ್ದ ಒಬ್ಬಳೇ ಮಗಳನ್ನು ಗುಬ್ಬಿಗೆ ಕೊಟ್ಟಿದ್ದರು. ಬಿಳಿಯ ಪಂಚೆ, ಕತ್ತಿನವರೆಗೆ ಗುಂಡಿ ಹಾಕಿದ ಕೋಟು, ಮಳೆಯಿರಲಿ ಬಿಸಿಲಿರಲಿ ಕಂಕುಳಲ್ಲಿ ಕೊಡೆ. ನಾನು ಪಾಠಶಾಲೆಯಿಂದ ಬಂದು ಸಂಜೆ ಜಗುಲಿಯಲ್ಲಿ ಪುರಾಣ ಓದುತ್ತಿದ್ದಾಗ ತಪ್ಪದೆ ಬಂದು ಕೇಳುವರು. ಕಥೆಯಲ್ಲಿ ಅರಮನೆಯ ವರ್ಣನೆ ಬಂದರೆ ಮಾತ್ರ ಅವರಿಗೆ ತಡೆಯುತ್ತಿರಲಿಲ್ಲ. "ಶಾಸ್ತ್ರಿಗಳೇ, ಅದಕ್ಕೆ ಹಿತ್ತಿಲ ಬಾಗ್ಲಿತ್ತಾ?" ಎಂದು ಕೇಳಿಯೇಬಿಡುವರು. ರತ್ನಖಚಿತ ಸ್ತಂಭಗಳು, ಸ್ಫಟಿಕದ ನೆಲ, ಅವು ಯಾವುವೂ ಅವರ ಗಮನಕ್ಕೆ ಬರುತ್ತಿರಲಿಲ್ಲ. ಸ್ಫಟಿಕದ ನೆಲವೆಂದಾಗ ಮಾತ್ರ ಒಮ್ಮೆ, "ಜಾರುತ್ತೆ" ಎಂದಿದ್ದರು.

ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ. ಸಿಮೆಂಟಿಗೆ ಪರ್ಮಿಟ್ಟು ಬೇಕಾಗಿದ್ದ ದಿನಗಳು. ನಮ್ಮ ತಾಯಿಯವರಿಗೆ ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಮಡಿ ಮಾತ್ರ ಹೋಗಿರಲಿಲ್ಲ. ಬೆಳಗಿನ ಜಾವಕ್ಕೆ ಎದ್ದು ಗೋಡೆ ಹಿಡಿದುಕೊಂಡು ಬಚ್ಚಲುಮನೆಗೆ ಹೋಗುವರು. ಒಳಗಿನಿಂದ ಕಬ್ಬಿಣದ ಚಿಲಕ ಬೀಳುವುದು. ಹಂಡೆಯ ಬಿಸಿನೀರನ್ನು ಚೊಂಬಿನಲ್ಲಿ ಮೊಗೆದು ಹುಯ್ದುಕೊಳ್ಳುವ ಸದ್ದು ಕೇಳುವುದು. ಸ್ನಾನವಾಗಿ ಪೂಜೆ ಮುಗಿಯುವ ತನಕ ಅವರನ್ನು ಯಾರೂ ಮುಟ್ಟುವಂತಿಲ್ಲ. ನಮ್ಮ ಬಚ್ಚಲು ಹಳೆಯದು: ಸಣ್ಣ ಗವಾಕ್ಷಿ, ಹೊಗೆ ಹಿಡಿದ ಗೋಡೆ, ಪಾಚಿ ಕಟ್ಟಿದ ಚಪ್ಪಡಿ. ನಾನು ಬಾಗಿಲ ಹೊರಗೆ ಜಪಮಾಲೆ ಹಿಡಿದು ಕುಳಿತಿರುತ್ತಿದ್ದೆ. ಬೆರಳು ಮಣಿ ಎಣಿಸುತ್ತಿದ್ದರೂ ಕಿವಿ ಎಣಿಸುತ್ತಿದ್ದುದು ಚೊಂಬಿನ ಸದ್ದನ್ನೇ. ಒಂದು ಚೊಂಬಿಗೂ ಇನ್ನೊಂದಕ್ಕೂ ನಡುವೆ ತುಸು ಹೆಚ್ಚು ಹೊತ್ತಾದರೆ ಮಣಿಯ ಮೇಲಿನ ಬೆರಳು ಅಲ್ಲಿಯೇ ನಿಲ್ಲುತ್ತಿತ್ತು. ಭಗವಂತನ ನಾಮವನ್ನು ಅಷ್ಟು ಭಯದಿಂದ ನಾನು ಬೇರೆಲ್ಲಿಯೂ ಉಚ್ಚರಿಸಿದ್ದಿಲ್ಲ.

ಒಂದು ದಿನ ಅವರು ಒಳಗೆ ಜಾರಿ ಮೊಣಕೈ ತರಚಿಕೊಂಡು ಬಂದರು. ಬಚ್ಚಲನ್ನು ಹೊಸದಾಗಿ ಕಟ್ಟಿಸಲೇಬೇಕೆಂದು ಅಂದೇ ನಿಶ್ಚಯಿಸಿದೆ. ಮೂವರಿಂದ ಎಸ್ಟಿಮೇಟು ಬರೆಸಿದೆ: ಒಬ್ಬರು ತುಮಕೂರಿನ ಕಂಟ್ರಾಕ್ಟರು, ಇನ್ನೊಬ್ಬ ಗುಬ್ಬಿಯ ಮೇಸ್ತ್ರಿ, ಮತ್ತೊಬ್ಬ ಕುಣಿಗಲಿನ ಕೆಂಪಯ್ಯ. ಶಬ್ದಕ್ಕೆ ಅರ್ಥ ಹೇಳುವುದು ನನ್ನ ವೃತ್ತಿಯಾದರೂ ಆ ಕಾಗದಗಳು ನನಗೆ ಅರ್ಥವಾಗಲಿಲ್ಲ. ಮೂರನ್ನೂ ನಂಜುಂಡಯ್ಯನವರ ಮುಂದಿಟ್ಟೆ.

ಅವರು ಕೆಳಗಿನ ಮೊತ್ತವನ್ನು ಅಂಗೈಯಿಂದ ಮುಚ್ಚಿಕೊಂಡು ಓದತೊಡಗಿದರು. "ಇದ್ನ ಮೊದ್ಲು ನೋಡಿದ್ರೆ ಬುದ್ಧಿ ಮಂಕಾಯ್ತದೆ. ಏನ್ ಬರ್ದವ್ರೆ ಅನ್ನೋದ್ಕಿಂತ ಏನ್ ಬುಟ್ಟವ್ರೆ ನೋಡ್ಬೇಕು." ತುಮಕೂರಿನವರು ನುಣುಪಾದ ಮೊಸಾಯಿಕ್ ನೆಲವನ್ನು ವಿವರವಾಗಿ ಬರೆದಿದ್ದರು, ನೀರು ಹೋಗುವ ಇಳಿಜಾರಿನ ಮಾತಿರಲಿಲ್ಲ. ಗುಬ್ಬಿಯವನು ಇಳಿಜಾರು ಬರೆದಿದ್ದ, ಕೈಗೆ ಆಸರೆಯಾಗುವಂಥದೇನೂ ಇರಲಿಲ್ಲ. ಕೆಂಪಯ್ಯನ ಎಸ್ಟಿಮೇಟಿನಲ್ಲಿ ಇವೆರಡೂ ಸರಿಯಾಗಿಯೇ ಇದ್ದವು, ಗವಾಕ್ಷಿ ಮಾತ್ರ ಹಿಂದಿನಷ್ಟೇ ಚಿಕ್ಕದು. ಓದುತ್ತ ಓದುತ್ತ ಅವರ ಬೆರಳು ಮೂರು ಕಾಗದಗಳಲ್ಲೂ ಒಂದೇ ಕಡೆ ನಿಂತಿತು. 'ಹೊಸ ಬಾಗಿಲು, ಒಳಕ್ಕೆ ತೆರೆಯುವುದು, ಒಳಗಡೆ ಭದ್ರವಾದ ಚಿಲಕ.'

"ಮೂವರ್ನೂ ಕರೆಸಿ" ಎಂದರು.

ಮಾರನೆಯ ವಾರ ಮೂವರೂ ಬಂದರು. ನಂಜುಂಡಯ್ಯನವರು ಬಚ್ಚಲ ನೆಲಕ್ಕೆ ಸೀಗೆಪುಡಿಯ ನೀರು ಹುಯ್ಯಿಸಿ, ಒಬ್ಬೊಬ್ಬರನ್ನೇ ಬಾಗಿಲಲ್ಲಿ ನಿಲ್ಲಿಸಿ, "ಕಣ್ಮುಚ್ಚಿ. ಹಂಡೆ ತಾವಕ್ಕೆ ಹೋಗಿ ಒಂದ್ ಚೊಂಬು ನೀರ್ ತಂದು ನನ್ಗೆ ಕೊಡಿ" ಎಂದರು.

ತುಮಕೂರಿನವರು ನಕ್ಕರು. "ಏನ್ ಸಾರ್, ಕಣ್ಣಾಮುಚ್ಚಾಲೆ ಆಡಿಸ್ತೀರಾ? ನಾನು ಅಂತರಸನಹಳ್ಳಿ ಕಡೆ ಫ್ಯಾಕ್ಟರಿಗೇ ನೆಲ ಹಾಕ್ದೋನು."

"ಫ್ಯಾಕ್ಟರೀಲಿ ಕಣ್ಣಿಲ್ದಿರೋ ಮುದುಕೀರು ಸ್ನಾನ ಮಾಡ್ತಾರೇನಪ್ಪಾ?"

ಅವರು ಸಿಟ್ಟಾಗಿ ಸ್ಕೂಟರ್ ಹತ್ತಿ ಹೊರಟೇಹೋದರು. ಗುಬ್ಬಿಯವನು ಕಣ್ಣು ಮುಚ್ಚಿ ದಡದಡನೆ ನಡೆದು, ಕಾಲು ಜಾರಿ, ಹಂಡೆಯ ಕಂಠಕ್ಕೆ ಅಂಗೈ ತಗುಲಿ, "ಅಯ್ಯಪ್ಪಾ!" ಎಂದು ಹೊರಗೆ ಹಾರಿದ. ಕೆಂಪಯ್ಯ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಗೋಡೆ ತಡವುತ್ತ ಅರ್ಧದಾರಿಗೆ ಹೋಗಿ ಅಲ್ಲಿಯೇ ನಿಂತುಬಿಟ್ಟ. "ನನ್ಗೆ ಭಯ ಆಯ್ತದೆ ಸ್ವಾಮಿ" ಎಂದ. "ಅಮ್ಮಾವ್ರು ಯಾವ ಕೈ ಊರ್ತಾರೆ?"

"ಇವ್ನೇ ಕಟ್ಲಿ" ಎಂದರು ನಂಜುಂಡಯ್ಯನವರು. "ಭಯ ಗೊತ್ತಿರೋನು. ಗವಾಕ್ಷಿ ದೊಡ್ದು ಮಾಡಪ್ಪ. ಬಾಗ್ಲು ಹೊರಕ್ಕೆ ತೆರೀಬೇಕು. ಚಿಲಕ ಬ್ಯಾಡ."

ಒಳಗೆ ಕುಳಿತಿದ್ದ ನಮ್ಮ ತಾಯಿಯವರಿಗೆ ಅದು ಕೇಳಿಸಿತು. "ಓವರ್ಸಿಯರ್ರೇ, ನಂಗೇನು ಮಾನ ಬೇಡ್ವೇ? ಈ ಮನೆಗೆ ಸೊಸೆಯಾಗಿ ಬಂದಾಗ್ನಿಂದ ಚಿಲಕ ಹಾಕ್ದೆ ಒಂದು ಚೊಂಬು ನೀರು ಹುಯ್ಕೊಂಡವಳಲ್ಲ ನಾನು. ಯಾರಾದ್ರೂ ನುಗ್ಗಿ ಮುಟ್ಟಿದ್ರೆ ನನ್ನ ಮಡಿ ಏನಾಗ್ಬೇಕು?"

ನಂಜುಂಡಯ್ಯನವರು ಒಳಗೆ ಬಂದು ಕೊಡೆಯನ್ನು ಗೋಡೆಗೆ ಒರಗಿಸಿ, ನಮ್ಮ ತಾಯಿಯವರಿಂದ ದೂರದಲ್ಲಿ ನೆಲದ ಮೇಲೆ ಕುಳಿತರು. ಬಾಗಿಲಿಗೆ ಬೆನ್ನು ಮಾಡಿ ಅವರು ಕುಳಿತದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಅಮ್ಮಾವ್ರೇ, ಕುಣಿಗಲ್ನಾಗೆ ನಾನೊಂದು ಮನೆ ಕಟ್ಸಿದ್ದೆ. ಬಚ್ಚಲಿಗೆ ತೇಗದ ಬಾಗ್ಲು, ಹಿತ್ತಾಳೆ ಚಿಲಕ. ಊರೋರೆಲ್ಲ ಬಂದು ನೋಡ್ಕೊಂಡು ಹೋಗೋರು. ನಮ್ಮನೆಯವಳು ಒಂದಿನ ಒಳಗೆ ತಲೆ ಸುತ್ತಿ ಬಿದ್ಲು. ಬಾಗ್ಲಿಗೇ ಅಡ್ಡವಾಗಿ ಬಿದ್ಲು. ನೂಕಿದ್ರೆ ಅವಳ ಮೈಗೇ ತಗ್ಲೋದು. ಹಾರೆ ತಂದು ಚಿಲಕ ಮೀಟ್ದೆ, ಬರ್ಲಿಲ್ಲ. ಗೋಡೆ ಒಡೀತೀನಿ ಅಂತ ಹೋದೆ. ಗೋಡೆ ಬೀಳ್ಲಿಲ್ಲ. ನಾನೇ ನಿಂತು ಕಟ್ಸಿದ್ದು ತಾಯಿ, ಗಟ್ಟಿಯಾಗಿ." ಅಂಗೈಯಿಂದ ನೆಲವನ್ನು ಸವರುತ್ತ, "ಒಳಗಿಂದ ಸದ್ದೇ ಇರ್ಲಿಲ್ಲ. ಬಿದ್ದ ತಕ್ಷಣ್ವೇ ಹೋಗ್ಬುಟ್ಟಿದ್ಲು ಅಂದ್ರು ಡಾಕ್ಟ್ರು" ಎಂದರು.

ನಮ್ಮ ತಾಯಿಯವರು ಅವರ ದನಿ ಬಂದ ಕಡೆಗೆ ಮುಖ ತಿರುಗಿಸಿದರು. "ಹಾಗಾದ್ರೆ ಒಂದ್ಕೆಲಸ ಮಾಡೋಣ. ನಾನು ನೀರು ಹುಯ್ಕೊಳ್ಳೋವಾಗ ಪುಣ್ಯನದಿಗಳ ಹೆಸರು ಹೇಳ್ಕೋತೀನಲ್ಲ, ಅದನ್ನ ಜೋರಾಗಿ ಹೇಳ್ತೀನಿ. ನನ್ನ ಬಾಯಾಡ್ತಿರೋವರೆಗೂ ಯಾರೂ ಬಾಗಿಲ ಹತ್ರ ಸುಳೀಕೂಡದು."

"ಬಾಯಿ ನಿಂತ್ರೆ?" ಎಂದೆ ನಾನು.

"ನಿಂತ್ಮೇಲೆ ಮಡಿ ಯಾರಿಗೆ ಬೇಕೋ? ಬನ್ನಿ."

ಕೆಂಪಯ್ಯ ಚೆನ್ನಾಗಿ ಕಟ್ಟಿದ. ಒರಟು ಕಲ್ಲಿನ ನೆಲ, ಎಡಗೈಗೆ ಸಿಗುವ ಕಬ್ಬಿಣದ ಸರಳು, ತಾನಾಗಿಯೇ ಮುಚ್ಚಿಕೊಳ್ಳುವಂತೆ ತುಸು ಓರೆಯಾಗಿ ನಿಲ್ಲಿಸಿದ ಬಾಗಿಲು. ಕೆಲಸ ಮುಗಿದ ದಿನ ನಂಜುಂಡಯ್ಯನವರು ಪರೀಕ್ಷಿಸಲು ಬಂದರು. ಬಾಗಿಲ ಒಳಮೈಯನ್ನು ಸವರುತ್ತಿದ್ದ ಅವರ ಕೈ ತಟ್ಟನೆ ನಿಂತಿತು. ಕೆಳಗಡೆ, ಮೊಣಕಾಲಿನ ಎತ್ತರದಲ್ಲಿ, ಒಂದು ಪುಟ್ಟ ಚಿಲಕವಿತ್ತು.

"ಯಾವನ್ಲಾ ಇದ್ನ ಹಾಕ್ದೋನು?"

ಕೆಂಪಯ್ಯ ತಲೆ ತಗ್ಗಿಸಿದ. "ನಾನೇ ಸ್ವಾಮಿ. ಮಡಿಯೋರು, ಚಿಲಕ ಇಲ್ದೆ ಎಂಗಿರ್ತಾರೆ ಅಂತ ಮನ್ಸು ತಡೀಲಿಲ್ಲ. ದುಡ್ಡು ಹಿಡ್ದಿಲ್ಲ. ಪುಣ್ಯಕ್ಕೆ ಹಾಕಿದ್ದು."

ನಂಜುಂಡಯ್ಯನವರು ಗದರಲಿಲ್ಲ. ಅವನ ಕೈಯಿಂದ ತಿರುಪುಳಿಯನ್ನು ಇಸಿದುಕೊಂಡು, ಕುಕ್ಕರಗಾಲಿನಲ್ಲಿ ಕುಳಿತು, ತಾವೇ ಆ ಚಿಲಕವನ್ನು ಬಿಚ್ಚಿದರು. ಒಳಗೆ ಯಾರೋ ಕಾದಿರುವಂತೆ ಅವಸರಪಡುತ್ತಿದ್ದರು. ಅಂದಿನಿಂದ ಶಾರದೆ ಅವರನ್ನು ನೋಡಿ ನಗುವುದನ್ನು ಬಿಟ್ಟಳು.

ಆಮೇಲೆ ಬೆಳಗಿನ ಜಾವಗಳು ಬೇರೆಯಾದವು. ನಮ್ಮ ತಾಯಿಯವರ ದನಿ ಒಂದೊಂದೇ ನದಿಯನ್ನು ಕರೆಯುವುದು, ನಾನೂ ಶಾರದೆಯೂ ಹೊರಗೆ ಕುಳಿತು ಕೇಳುವುದು. ಭಯ ಹೋಯಿತೆಂದಲ್ಲ, ಈಗ ಚೊಂಬಿನ ಸದ್ದಿನ ಬದಲು ದನಿಗೆ ಹೆದರುತ್ತಿದ್ದೆವು, ಅಷ್ಟೇ. ಕಾವೇರಿಯ ಹೆಸರಿನ ಮುಂದೆ ಅವರು ಉಸಿರು ತೆಗೆದುಕೊಳ್ಳುತ್ತಿದ್ದರು. ಆ ಕ್ಷಣ ಪ್ರತಿದಿನವೂ ನಮಗೆ ದೀರ್ಘವಾಗಿಯೇ ಇರುತ್ತಿತ್ತು. ಅಷ್ಟರಲ್ಲಿ ನಂಜುಂಡಯ್ಯನವರ ಆರೋಗ್ಯ ಕೆಟ್ಟಿತು. ಮಗಳು ಬಂದು ಅವರನ್ನು ಗುಬ್ಬಿಗೆ ಕರೆದುಕೊಂಡು ಹೋದಳು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ದ್ವಾದಶಿಯ ಬೆಳಿಗ್ಗೆ. ಹಿಂದಿನ ದಿನವೆಲ್ಲ ನಿರಾಹಾರವಿದ್ದ ನಮ್ಮ ತಾಯಿಯವರು ಸ್ನಾನಕ್ಕೆ ಹೋದರು. ಗಂಗೆಯಾಯಿತು, ಯಮುನೆಯಾಯಿತು. ಗೋದಾವರಿಯ ಹೆಸರು ಅರ್ಧಕ್ಕೆ ನಿಂತಿತು. ನಾವು ಏಳುವಷ್ಟರಲ್ಲಿಯೇ ಬಾಗಿಲು ಮೆಲ್ಲನೆ ತಾನೇ ಹೊರಕ್ಕೆ ತೆರೆದುಕೊಂಡಿತು. ಅದಕ್ಕೊರಗಿ ಕುಸಿದಿದ್ದ ತಾಯಿಯವರ ದೇಹ ಬಾಗಿಲಿನೊಡನೆ ಜರುಗಿ ನಡುಮನೆಯ ಕಡೆಗೆ ವಾಲಿತು. ಒದ್ದೆ ಸೀರೆಯ ಸೆರಗು ಮೂಗುಬಾಯಿಗೆ ಅಂಟಿಕೊಂಡಿತ್ತು. ತುಟಿ ನೀಲಿಯಾಗಿತ್ತು. ಶಾರದೆ ಓಡಿಹೋಗಿ ಸೆರಗು ಕಿತ್ತೆಸೆದು, ಅವರನ್ನು ತೊಡೆಯ ಮೇಲೆ ಹಾಕಿಕೊಂಡು, "ಅತ್ತೇ, ಅತ್ತೇ" ಎಂದು ಬೆನ್ನು ತಿಕ್ಕಿದಳು. ನನಗೆ ಒಂದು ಮಂತ್ರವೂ ನೆನಪಿಗೆ ಬರಲಿಲ್ಲ. ಆಮೇಲೆ ಒಂದು ದೀರ್ಘವಾದ ಉಸಿರು ಕೇಳಿಸಿತು. ಅವರು ಕಣ್ಣು ಬಿಟ್ಟರು.

"ಯಾರೇ ಅದು? ಮುಟ್ಬಿಟ್ಯಲ್ಲೇ!"

"ಮುಟ್ಟಿದೆ ಕಣತ್ತೆ. ಬೈಯಿರಿ. ಇನ್ನೂ ಬೈಯಿರಿ" ಎಂದು ಶಾರದೆ ಅಳುತ್ತ ನಗುತ್ತಿದ್ದಳು.

ಆ ವಾರವೇ ನಾನು ಗುಬ್ಬಿಗೆ ಹೋದೆ. ನಂಜುಂಡಯ್ಯನವರು ಮಂಚದ ಮೇಲಿದ್ದರು, ಮೈಯೆಲ್ಲ ಬತ್ತಿಹೋಗಿತ್ತು. ನಡೆದುದನ್ನು ಹೇಳಿದೆ. ಇನ್ನೊಮ್ಮೆ ಹೇಳಿಸಿ ಕೇಳಿದರು. ಬಾಗಿಲು ಎಲ್ಲಿಯೂ ತಡೆಯಲಿಲ್ಲವೇ ಎಂದು ವಿಚಾರಿಸಿದರು. ಆಮೇಲೆ, "ಅಮ್ಮಾವ್ರು ಕೂಗಿದ್ರಾ?" ಎಂದರು.

"ಇಲ್ಲ. ಕೂಗೋದಕ್ಕೆ ಮೊದಲೇ ಬಾಗಿಲು ತೆರೆದುಕೊಂಡಿತು."

ಅವರು ನನ್ನ ಕೈಯನ್ನು ಹಿಡಿದುಕೊಂಡರು. ಮಗಳು ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಅವಳಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಹೇಳಿದರು: "ಅವತ್ತು ನಾನು ಸುಳ್ಳು ಹೇಳ್ದೆ ಶಾಸ್ತ್ರಿಗಳೇ. ನಮ್ಮನೆಯವಳು ಕೂಗಿದ್ಲು. ಬಾಳಾ ಹೊತ್ತು ಕೂಗಿದ್ಲು. 'ಬಾಗ್ಲು ತೆಗೀರಿ, ಬಾಗ್ಲು ತೆಗೀರಿ' ಅಂತ. ಚಿಲಕ ತಾನೇ ಹಾಕ್ಕೊಂಡಿರೋದು ಮರ್ತೋಗಿತ್ತು ಅವ್ಳಿಗೆ. ನಾನು ಬೇಕಂತ್ಲೇ ತೆಗೀತಿಲ್ಲ ಅಂದ್ಕೊಂಡು ಹೋದ್ಲೋ ಏನೋ."

ಅವರ ಕೈಯನ್ನು ಬಿಡದೆ ಕುಳಿತೆ. ರಾತ್ರಿ ಅಲ್ಲಿಯೇ ಉಳಿಯಬೇಕೆಂದು ಮಗಳು ಬಲವಂತ ಮಾಡಿದಳು. ನನಗೂ ಅವರನ್ನು ಬಿಟ್ಟು ಹೊರಡಲು ಮನಸ್ಸಿರಲಿಲ್ಲ. ನಂಜುಂಡಯ್ಯನವರೇ ಒಪ್ಪಲಿಲ್ಲ. ಹತ್ತು ದಿನಗಳಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಆದ್ದರಿಂದ ನಾನು ಅವರ ಬಾಯಿಂದ ಕೇಳಿದ ಕೊನೆಯ ಮಾತು ಇದೇ:

"ಸಂಜೆ ಬಸ್ಸಿಗೇ ಹೊರಡಿ. ಬೆಳಿಗ್ಗೆ ಅಮ್ಮಾವ್ರು ಸ್ನಾನಕ್ಕೆ ಹೋಗೋ ಹೊತ್ಗೆ ಬಾಗ್ಲ ತಾವ ಇರ್ಬೇಕು ನೀವು."