ಪಕ್ಕದ ಮನೆ ಅಜ್ಜಿಯ ತಮ್ಮನನ್ನು ನೋಡಲು ಹೋದದ್ದು

ಪಕ್ಕದ ಮನೆಯ ಅಜ್ಜಿ ಕಾಗದ ಹಿಡಿದು ನಮ್ಮ ಬಾಗಿಲಿಗೆ ಬಂದ ಸಂಜೆ ನನಗೆ ಮಾತನಾಡುವಷ್ಟೂ ತ್ರಾಣವಿರಲಿಲ್ಲ. ಐರ್ಲೆಂಡಿನ ಅತ್ಲೋನ್ ಊರಿನ ನನ್ನ ಆಫೀಸಿನಲ್ಲಿ ಕೆಲಸದ ಒತ್ತಡ ವಿಪರೀತವಾಗಿದ್ದ ವಾರ ಅದು. ಗಂಡ ಸ್ಲೈಗೋದ ಆಸ್ಪತ್ರೆಯಲ್ಲಿ ಡಾಕ್ಟರು, ವಾರದಲ್ಲಿ ನಾಲ್ಕು ದಿನ ಅಲ್ಲೇ ಉಳಿಯುತ್ತಾರೆ. ಮಗಳ ಶಾಲೆ, ಅಡುಗೆ, ಒಣಗದ ಬಟ್ಟೆ ಎಲ್ಲವೂ ನನ್ನ ಪಾಲು. ಅಜ್ಜಿ ಕೋಟು ಕೂಡ ಬಿಚ್ಚದೆ ಅಡುಗೆಮನೆಯ ಮೇಜಿನ ಮುಂದೆ ಕುಳಿತರು.

“ನಿಂಗೆ ಜರ್ಮನ್ ಬರುತ್ತಲ್ಲ, ಇದೇನು ಬರ್ದಿದೆ ಓದಮ್ಮ.”

ಅವರು ಆಡುವುದು ಇಂಗ್ಲಿಷು, ಅದೂ ಐರ್ಲೆಂಡಿನ ನಡುಭಾಗದ ಎಳೆದೆಳೆದು ಆಡುವ, ‘ಚೆನ್ನಾಗಿದ್ದೀನಿ’ ಎನ್ನಲು ‘ಗ್ರ್ಯಾಂಡ್’ ಎನ್ನುವ ಇಂಗ್ಲಿಷು. ಆದರೆ ಅವರ ಮಾತು ನನ್ನ ನೆನಪಿನಲ್ಲಿ ಉಳಿಯುವುದು ಮೈಸೂರಿನ ನಮ್ಮ ಬೀದಿಯ ಹೆಂಗಸರ ಕನ್ನಡವಾಗಿಯೇ. ನಮ್ಮ ಕಂಪನಿಯ ಗ್ರಾಹಕರು ಜರ್ಮನಿಯವರಾದ್ದರಿಂದ ಬೆಂಗಳೂರಿನಲ್ಲಿದ್ದಾಗಲೇ ಎರಡು ವರ್ಷ ಕ್ಲಾಸಿಗೆ ಹೋಗಿ ಆ ಭಾಷೆ ಕಲಿತಿದ್ದೆ.

ಕಾಗದ ಚಿಕ್ಕದು. ಬರೆದವಳು ಡಾರ್ಟ್ಮುಂಡ್ ನಗರದ ಹೆಂಗಸು. ಅಪ್ಪನ ಮನೆ ಖಾಲಿ ಮಾಡುವಾಗ ಒಂದು ಹಳೆಯ ಫೋಟೊದ ಬೆನ್ನಿನ ಮೇಲೆ ಐರ್ಲೆಂಡಿನ ಈ ವಿಳಾಸ ಸಿಕ್ಕಿತಂತೆ. ಅಪ್ಪನಿಗೆ ಎಂಬತ್ತೆರಡು, ಈಗ ವೃದ್ಧಾಶ್ರಮದಲ್ಲಿದ್ದಾರೆ, ಅಕ್ಕ ಬದುಕಿದ್ದರೆ ಒಮ್ಮೆ ನೋಡಬೇಕು ಎನ್ನುತ್ತಾರೆ ಎಂದಿತ್ತು. ವಿಳಾಸ ಅಜ್ಜಿ ಬೆಳೆದ ಹೊಲಮನೆಯದು. ಅಲ್ಲಿ ಈಗಿರುವವರು ಕಾಗದ ತಂದುಕೊಟ್ಟಿದ್ದರು.

ಎಂಟು ವರ್ಷ ಒಂದೇ ಗೋಡೆಯ ಆಚೀಚೆ ಇದ್ದರೂ ಅಜ್ಜಿ ಜರ್ಮನಿಯಲ್ಲಿ ಹುಟ್ಟಿದವರೆಂದು ನನಗೆ ಗೊತ್ತಾದದ್ದು ಅಂದೇ. ಮಹಾಯುದ್ಧ ಮುಗಿದ ಮೇಲೆ ಅಲ್ಲಿನ ಹಸಿದ ಮಕ್ಕಳನ್ನು ಒಂದಷ್ಟು ಕಾಲ ಸಾಕಲು ಐರ್ಲೆಂಡಿನ ಮನೆಗಳಿಗೆ ಕಳಿಸಿದ್ದರು. ಅಜ್ಜಿಗಾಗ ಐದು ವರ್ಷ. ತಂದೆ ಯುದ್ಧದಲ್ಲಿ ಸತ್ತಿದ್ದರು, ತಾಯಿ ಮೂರು ವರ್ಷದ ತಮ್ಮನನ್ನು ಇಟ್ಟುಕೊಂಡು ಇವರನ್ನು ಕಳಿಸಿದರು. ಬೇರೆ ಮಕ್ಕಳಲ್ಲಿ ಹೆಚ್ಚಿನವರು ಮರಳಿದರು. ಇವರು ಮರಳಲಿಲ್ಲ. ಸಾಕಿದವರ ಮನೆಯಿಂದಲೇ ಮದುವೆಯಾಗಿ ಬಂದು, ಗಂಡನನ್ನು ಮಣ್ಣು ಮಾಡಿ, ಈಗ ಒಬ್ಬರೇ ಇದ್ದಾರೆ. ಆಸ್ಟ್ರೇಲಿಯದಲ್ಲಿರುವ ಮಗ ಕಾಗದದ ಸುದ್ದಿ ಕೇಳಿ, ವಿಡಿಯೊ ಕಾಲ್ ಮಾಡಿದರೆ ಸಾಲದೇ ಎಂದನಂತೆ.

“ನಾನು ಹೋಗ್ಬೇಕು. ಒಬ್ಳೇ ಆಗಲ್ಲ,” ಎಂದರು ಅಜ್ಜಿ. ಬಾ ಎಂದು ಕೇಳಲಿಲ್ಲ. ಕೇಳಿದ್ದರೆ ಆಗುವುದಿಲ್ಲ ಎನ್ನಬಹುದಿತ್ತು.

ಗಂಡನಿಗೆ ಫೋನು ಮಾಡಿದೆ. “ನಾಲ್ಕು ದಿನ ರಜ ಹಾಕಿ ನಿದ್ದೆ ಮಾಡ್ತೀನಿ ಅಂತಿದ್ದೆ. ನಿಂಗ್ಯಾಕೆ ಬೇಕು ಇದೆಲ್ಲ?” ಎಂದರು. ಮಗಳನ್ನು ಗೆಳತಿಯ ಮನೆಯಲ್ಲಿ ಬಿಟ್ಟು, ಆ ನಾಲ್ಕು ದಿನವನ್ನೇ ಅಜ್ಜಿಗೆ ಕೊಟ್ಟೆ.

ಜರ್ಮನಿಯ ಕಲೋನ್‌ನಲ್ಲಿ ವಿಮಾನ ಇಳಿದಾಗಲೇ ನನ್ನ ಸೊಂಟ ಹಿಡಿದಿತ್ತು. ಎರಡು ಪೆಟ್ಟಿಗೆ, ಅಜ್ಜಿಯ ಊರುಗೋಲು, ಔಷಧದ ಚೀಲ. ರೈಲು ನಿಲ್ದಾಣದಲ್ಲಿ ನಾನು ಬೋರ್ಡು ತಪ್ಪಾಗಿ ಓದಿ ಬೇರೆ ಪ್ಲಾಟ್‌ಫಾರ್ಮಿನಲ್ಲಿ ನಿಂತೆ. ನಮ್ಮ ರೈಲು ಎದುರಿನಿಂದಲೇ ಹೊರಟುಹೋಯಿತು. ಅಜ್ಜಿ ಬೈಯಲಿಲ್ಲ. ಬೆಂಚಿನ ಮೇಲೆ ಕುಳಿತು ಹೋಗಿಬರುವವರನ್ನೇ ನೋಡುತ್ತಿದ್ದರು. ಐರ್ಲೆಂಡಿಗೆ ಕಳಿಸಿದ ದಿನ ಕತ್ತಿಗೆ ಹೆಸರಿನ ಚೀಟಿ ಕಟ್ಟಿ ಯಾವುದೋ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲಿಸಿದ್ದು ಮಾತ್ರ ಅವರಿಗೆ ನೆನಪು.

“ಇದೇ ಸ್ಟೇಷನ್ನಾ?” ಎಂದು ಕೇಳಿದೆ.

“ಯಾರಿಗ್ಗೊತ್ತು? ಆಗ ನನ್ನ ಕಣ್ಣಿಗೆ ಕಂಡಿದ್ದೆಲ್ಲ ಬರೀ ದೊಡ್ಡೋರ ಮೊಣಕಾಲು.”

ಮಾರನೆಯ ದಿನ ಅವರು ಹುಟ್ಟಿದ ವುಪ್ಪರ್ಟಾಲ್‌ಗೆ ಹೋದೆವು. ಆ ಊರಿನಲ್ಲಿ ನದಿಯ ಮೇಲೆ ರೈಲು ಮೇಲಿನ ಕಂಬಿಗೆ ಜೋತುಬಿದ್ದು ತೂಗುತ್ತಾ ಓಡುತ್ತದೆ. ಅಜ್ಜಿ ಹುಟ್ಟುವುದಕ್ಕೂ ಮೊದಲಿನಿಂದ ಓಡುತ್ತಿದೆ. ಅಜ್ಜಿ ತಲೆಯೆತ್ತಿ ಒಂದು ಬೋಗಿ ಹೋಗುವವರೆಗೂ ನೋಡಿದರು. ಇನ್ನೊಂದು ಬಂತು, ಅದನ್ನೂ ನೋಡಿದರು.

“ಇಂಥದ್ದನ್ನ ಯಾರಾದ್ರೂ ಮರೀತಾರಾ? ನಾನು ಮರ್ತಿದೀನಲ್ಲ,” ಎಂದರು.

ತಮ್ಮನ ಮಗಳು ಬರೆದುಕೊಟ್ಟಿದ್ದ ಬೀದಿ ಸಿಕ್ಕಿತು. ಮನೆ ಇದ್ದ ಜಾಗದಲ್ಲಿ ಹಲ್ಲಿನ ಡಾಕ್ಟರರ ಕ್ಲಿನಿಕ್ಕು. ಫೋಟೊ ತೆಗೆಯಲೇ ಎಂದರೆ ಬೇಡವೆಂದು ತಲೆಯಾಡಿಸಿದರು. ಎದುರಿನ ಬೇಕರಿಯಲ್ಲಿ ಟೀ ಕೇಳಿದೆವು. ಬಿಸಿನೀರು, ಪಕ್ಕದಲ್ಲೊಂದು ಟೀ ಚೀಲ ಬಂದವು. ಹಾಲಿಲ್ಲ. ಅಜ್ಜಿ ಒಂದು ಗುಟುಕು ಕುಡಿದು ಲೋಟ ದೂಡಿದರು. “ನಾನು ಈ ಊರೋಳಲ್ಲ ಬಿಡು, ಖಾತ್ರಿ ಆಯ್ತು.” ನಗಬೇಕೋ ಬೇಡವೋ ತಿಳಿಯಲಿಲ್ಲ. ಇಬ್ಬರ ಕಾಲೂ ಸೋತಿದ್ದವು. ಅಲ್ಲೇ ಒಂದು ಗಂಟೆ ಸುಮ್ಮನೆ ಕುಳಿತೆವು.

ಮೂರನೆಯ ದಿನ ಡಾರ್ಟ್ಮುಂಡ್. ವೃದ್ಧಾಶ್ರಮದ ಕಿಟಕಿಯ ಬಳಿ ಗಾಲಿಕುರ್ಚಿಯಲ್ಲಿ ಕುಳಿತಿದ್ದ ಮುದುಕರಿಗೆ ಅಜ್ಜಿಯದೇ ಹಣೆ, ಅಜ್ಜಿಯದೇ ಕಿವಿ. ಅವರ ಮಗಳು ನಮ್ಮನ್ನು ಕೂರಿಸಿ ಕಾಫಿ ತರಲು ಹೋದಳು. ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಅವಳಪ್ಪನಿಗೆ ಒಂದಕ್ಷರವೂ ಬಾರದು. ಅಜ್ಜಿಯ ಜರ್ಮನ್ ಯಾವ ಕಾಲಕ್ಕೋ ಅಳಿಸಿಹೋಗಿತ್ತು. ಅಕ್ಕ ತಮ್ಮ ಇಬ್ಬರೂ ನನ್ನ ಮುಖ ನೋಡಿದರು. ಮೈಸೂರಿನಿಂದ ಅಮ್ಮ ಫೋನು ಮಾಡಿದಾಗ ಅವಳ ಕನ್ನಡಕ್ಕೂ ನನ್ನ ಮಗಳ ಇಂಗ್ಲಿಷಿಗೂ ನಡುವೆ ಕೂರುವುದು ನನಗೆ ರೂಢಿ. ಆದರೆ ಫೋನಿನಲ್ಲಿ ದಾಟಿಸಬೇಕಾದದ್ದು ಊಟ ಆಯಿತಾ, ಪರೀಕ್ಷೆ ಹೇಗಾಯಿತು ಎಂಬುದಷ್ಟೇ.

ಮೊದಲು ಮಕ್ಕಳು, ಮಂಡಿನೋವು, ಹವೆಯ ಮಾತಾಯಿತು. ಆಮೇಲೆ ತಮ್ಮ ಕೇಳಿದರು: “ಅಮ್ಮ ಹೋದಾಗ ತಂತಿ ಕಳಿಸಿದ್ದೆ. ಯಾಕೆ ಬರಲಿಲ್ಲ ನೀನು?”

ನಾನು ತಡವರಿಸಿದೆ. ಸ್ವಲ್ಪ ಮೆತ್ತಗೆ ಮಾಡಿ ಹೇಳೋಣವೆಂದು ಮಾತು ಹುಡುಕುತ್ತಿದ್ದೆ. ಅಜ್ಜಿ ನನ್ನ ಮೊಣಕೈ ಹಿಡಿದರು.

“ಅವ್ನು ಕೇಳಿದ್ದನ್ನ ಹಾಗೇ ಹೇಳು.”

ಹೇಳಿದೆ. ಅವರು ತಮ್ಮನನ್ನು ನೋಡದೆ, ನನ್ನನ್ನೂ ನೋಡದೆ, ಕೈಚೀಲದ ಹಿಡಿಯನ್ನು ನೋಡುತ್ತಾ ಉತ್ತರ ಕೊಟ್ಟರು.

“ತಂತಿ ಬಂದಿತ್ತು. ಅದಕ್ಕೂ ಮುಂಚೆ ಅಮ್ಮನ ಕಾಗದಾನೂ ಬರ್ತಿದ್ವು. ಮೊದಮೊದಲು ಸ್ಕೂಲಲ್ಲೊಬ್ರು ಮೇಷ್ಟ್ರು ಓದಿ ಹೇಳ್ತಿದ್ರು. ಅವ್ರು ಬೇರೆ ಊರಿಗೆ ಹೋದ್ಮೇಲೆ ಯಾರ ಹತ್ರಾನೂ ಓದಿಸ್ಲಿಲ್ಲ. ವಾಪಸ್ ಬಾ ಅಂತ ಬರ್ದಿದ್ರೆ? ನಂಗೆ ಅಲ್ಲಿ ಕರು ಇತ್ತು, ನಾಯಿ ಇತ್ತು, ಮಂಚ ಇತ್ತು. ಹೋಗೋಕೆ ಮನಸ್ಸಿರಲಿಲ್ಲ. ತಂತೀನೂ ಓದಿಸ್ದೆ ಹಾಗೇ ಎತ್ತಿಟ್ಟೆ.”

ಒಂದೊಂದೇ ವಾಕ್ಯವನ್ನು ಜರ್ಮನ್‌ಗೆ ತಿರುಗಿಸಿದೆ. ತಮ್ಮ ಕಿಟಕಿಯ ಕಡೆ ತಿರುಗಿದರು. ಸಿಟ್ಟು ಬಂದಿತ್ತು.

“ಎಲ್ಲಿವೆ ಆ ಕಾಗದಗಳು?”

“ನನ್ನ ಹೊಲಿಗೆ ಮಷೀನಿನ ಖಾನೇಲಿ.”

“ಹಾಗಾದರೆ ಓದಿಸು. ನಾನು ಸಾಯುವುದರೊಳಗೆ ಓದಿಸು,” ಎಂದರು. ಮಗಳು ಕಾಫಿಯ ಜೊತೆ ಪ್ಲಮ್ ಹಣ್ಣಿನ ಕೇಕು ತಂದಳು. ಅಜ್ಜಿ ಎದ್ದು ತಮ್ಮನ ತಟ್ಟೆಯ ಕೇಕನ್ನು ಚಮಚದಲ್ಲಿ ಸಣ್ಣ ತುಂಡು ಮಾಡಿದರು. ಅವರು ತಡೆಯಲಿಲ್ಲ, ತಿಂದರು. ಹೊರಡುವಾಗ ಅಕ್ಕನ ಕೈಯನ್ನು ಸ್ವಲ್ಪ ಹೆಚ್ಚೇ ಹೊತ್ತು ಹಿಡಿದುಕೊಂಡಿದ್ದರು. ಅಪ್ಪುಗೆ, ಕಣ್ಣೀರು ಏನೂ ಇರಲಿಲ್ಲ. ಮರಳುವ ವಿಮಾನದಲ್ಲಿ ಅಜ್ಜಿ ಬಾಯಿ ತೆರೆದು ನಿದ್ದೆ ಹೋದರು. ನನಗೆ ನಿದ್ದೆ ಬರಲಿಲ್ಲ.

ಓದಿಸದೆ ಉಳಿದ ಕಾಗದಗಳು ಹನ್ನೊಂದಿದ್ದವು. ಹಳೆಯ ಕಾಲದ ಕೂಡಕ್ಷರದ ಬರವಣಿಗೆ, ನನಗೆ ಒಂದು ಪದವೂ ಬಿಡಿಸಲಾಗಲಿಲ್ಲ. ಫೋಟೊ ತೆಗೆದು ಡಾರ್ಟ್ಮುಂಡ್‌ಗೆ ಕಳಿಸಿದೆ. ತಮ್ಮನ ಮಗಳು ಅಪ್ಪನ ಪಕ್ಕದಲ್ಲಿ ಕುಳಿತು ಬಿಡಿಸಿ, ಟೈಪ್ ಮಾಡಿ ಕಳಿಸಿದಳು. ಮೂರು ಶನಿವಾರ ಆಫೀಸಿನ ದಣಿವು ಹೊತ್ತುಕೊಂಡೇ ಅಜ್ಜಿಯ ಸೋಫಾದ ಮೇಲೆ ಕುಳಿತು ಓದಿ ಹೇಳಿದೆ. ಆಲೂಗಡ್ಡೆ ಸಿಕ್ಕಿತು. ತಮ್ಮನ ಹಾಲುಹಲ್ಲು ಬಿತ್ತು. ಕಲ್ಲಿದ್ದಲು ಸಾಲುತ್ತಿಲ್ಲ. ನಿನ್ನ ಪಾದದ ಅಳತೆ ಬರೆದು ಕಳಿಸು, ಎಷ್ಟು ಬೆಳೆದಿದ್ದೀಯೆಂದು ತಿಳಿಯಬೇಕು. ಅಲ್ಲಿಯವರ ಮಾತು ಕೇಳು. ಹನ್ನೊಂದರಲ್ಲಿ ಒಂದರಲ್ಲೂ ವಾಪಸ್ ಬಾ ಎಂದಿರಲಿಲ್ಲ.

ಕೊನೆಯದು ಮುಗಿದಾಗ ಅಜ್ಜಿ ಕೇಳಿದರು, “ಅಷ್ಟೇನಾ?”

“ಅಷ್ಟೇ.”

“ಇದಕ್ಕಾ ನಾನು ಇಷ್ಟು ವರ್ಷ ಹೆದರಿದ್ದು?” ಎಂದರು. ಆಮೇಲೆ, “ಒಂದ್ಸಲನಾದ್ರೂ ಬಾ ಅನ್ಬೋದಿತ್ತು,” ಎಂದರು.

ಈಗ ಭಾನುವಾರ ಮಧ್ಯಾಹ್ನ ಅಕ್ಕ ತಮ್ಮನ ವಿಡಿಯೊ ಕಾಲ್. ತಮ್ಮನಿಗೆ ಕಿವಿ ಮಂದವಾಗುತ್ತಿದೆ, ನಾನು ಜರ್ಮನ್‌ನಲ್ಲಿ ಕೂಗಬೇಕು. ಮಾತು ಐದು ನಿಮಿಷಕ್ಕೇ ಮುಗಿಯುತ್ತದೆ, ಆಮೇಲೆ ಇಬ್ಬರೂ ಸುಮ್ಮನೆ ಒಬ್ಬರನ್ನೊಬ್ಬರು ನೋಡುತ್ತಾರೆ. ಕಳೆದ ವಾರ ನಡುವೆಯೇ ನನಗೆ ಜೊಂಪು ಹತ್ತಿತು. ಅಜ್ಜಿ ಎಬ್ಬಿಸಲಿಲ್ಲ. ಕಣ್ಣು ಬಿಟ್ಟಾಗ ಮೈಮೇಲೆ ಕಂಬಳಿ ಇತ್ತು, ಫೋನಿನಲ್ಲಿ ತಮ್ಮ ಇನ್ನೂ ಇದ್ದರು.

“ನೀನು ಮಲ್ಕೋ. ನಾವು ಗ್ರ್ಯಾಂಡ್ ಆಗಿದೀವಿ,” ಎಂದರು ಅಜ್ಜಿ.